ಎಂ1 ಮ್ಯಾಕ್‌ನಲ್ಲಿ ಹಳೇ ಇಂಟೆಲ್ ಸಾಫ್ಟ್‌ವೇರ್: ರೊಸೆಟ್ಟಾ, ಎಆರ್‌ಎಂ ವಿಂಡೋಸ್, ಯುಟಿಎಂ

ಕನ್ನಡ ಡಿಟಿಪಿ ಮಾಡುತ್ತಾ ಬಂದವರ ಹಾರ್ಡ್‌ಡಿಸ್ಕಿನಲ್ಲಿ ಪುಟ ವಿನ್ಯಾಸದ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲುಗಳು ಇದ್ದೇ ಇರುತ್ತವೆ. ಅಕ್ಷರಗಳೂ ಯೂನಿಕೋಡ್ ಅಲ್ಲ, ನುಡಿ ತಂತ್ರಾಂಶದ್ದೋ ಇನ್ನೊಂದರದೋ ಹಳೇ ಪದ್ಧತಿಯ ಆಸ್ಕಿ ಫಾಂಟು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಮೇಲೆ ಹೊಸದು ಬರಲಿಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಆ ಫೈಲುಗಳನ್ನು ತೆರೆಯುತ್ತಿದ್ದದ್ದೂ ಸಿಎಸ್6 ಆವೃತ್ತಿಯವರೆಗೆ ಮಾತ್ರ. ಹೊಸ ಮ್ಯಾಕಿನ ಎಂ1 ಪ್ರೊಸೆಸರ್ ಎಆರ್‌ಎಂ ಜಾತಿಯದು, ನನ್ನ ಹಳೇ ಸರಂಜಾಮೆಲ್ಲ ಇಂಟೆಲ್ ಕಾಲದ್ದು; ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ನೇರವಾಗಿ ಓಡದು. ಹಾಗಾಗಿ ಮೂರೂ ದಾರಿ ಹಿಡಿದು ನೋಡಿದೆ.

ಮೊದಲು ರೊಸೆಟ್ಟಾ 2, ಇಂಟೆಲ್ ಆ್ಯಪ್‌ಗಳನ್ನು ಎಆರ್‌ಎಂಗೆ ಅನುವಾದಿಸುವ ಆ್ಯಪಲ್‌ನದೇ ಸಾಫ್ಟ್‌ವೇರ್. ಮ್ಯಾಕ್‌ಗಾಗಿಯೇ ಬರೆದ 64 ಬಿಟ್ ಇಂಟೆಲ್ ಆ್ಯಪ್ ಆದರೆ ಇದರಷ್ಟು ಸಲೀಸು ಬೇರೆ ಯಾವುದೂ ಇಲ್ಲ. ನನ್ನ ಸ್ಕ್ಯಾನಿಂಗ್ ಆ್ಯಪ್ ಮೊದಲ ಸಲ ತೆರೆದಾಗ ಐಕಾನ್ ಡಾಕ್‌ನಲ್ಲಿ ಸ್ವಲ್ಪ ಹೊತ್ತು ಕುಣಿಯಿತು. ಇಂಟೆಲ್ ಕೋಡನ್ನು ಅನುವಾದಿಸಿ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಹೊತ್ತು ಅದು. ಮರುದಿನದಿಂದ ಥಟ್ಟನೆ ತೆರೆಯಿತು. ಆ್ಯಕ್ಟಿವಿಟಿ ಮಾನಿಟರ್‌ನ ‘ಕೈಂಡ್’ ಕಾಲಂನಲ್ಲಿ ‘ಇಂಟೆಲ್’ ಅಂತ ಕಾಣದಿದ್ದರೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ವೇಗದ ಗುಟ್ಟು ಬರೀ ಸಾಫ್ಟ್‌ವೇರಿನಲ್ಲಿ ಇಲ್ಲ. ಮೆಮೊರಿಗೆ ಬರೆಯುವ ಕ್ರಮದಲ್ಲಿ ಇಂಟೆಲ್ ಪಾಲಿಸುವ ಶಿಸ್ತನ್ನು ಎಂ1 ಚಿಪ್ಪೇ ಬೇಕೆಂದಾಗ ಪಾಲಿಸುತ್ತದೆ, ಅನುವಾದಕನಿಗೆ ಅಷ್ಟು ಹೊರೆ ಕಡಿಮೆ.

ಆದರೆ ಪೇಜ್‌ಮೇಕರ್ ವಿಷಯದಲ್ಲಿ ರೊಸೆಟ್ಟಾ ಏನೂ ಮಾಡಲಾರದು. ಪೇಜ್‌ಮೇಕರ್‌ನ ಮ್ಯಾಕ್ ಆವೃತ್ತಿ ಇಂಟೆಲ್‌ಗೂ ಮುಂಚಿನ ಪವರ್‌ಪಿಸಿ ಪ್ರೊಸೆಸರಿನ ಕಾಲದ್ದು. 2006ರ ಮೊದಲ ರೊಸೆಟ್ಟಾ ಪವರ್‌ಪಿಸಿಗೆಂದೇ ಇತ್ತು, 2011ರಲ್ಲಿ ಅದನ್ನೂ ತೆಗೆದುಹಾಕಿದರು. 32 ಬಿಟ್ ಮ್ಯಾಕ್ ಆ್ಯಪ್‌ಗಳಿಗಂತೂ 2019ರ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲೇ ಬಾಗಿಲು ಹಾಕಿಯಾಗಿತ್ತು.

ಹಾಗಾಗಿ ಎರಡನೆಯದು, ವರ್ಚುವಲ್ ಮೆಷಿನ್‌ನಲ್ಲಿ (ಮ್ಯಾಕ್‌ನೊಳಗೇ ಓಡುವ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿ) ಎಆರ್‌ಎಂ ವಿಂಡೋಸ್ 11. ಇಲ್ಲಿ ವಿಂಡೋಸ್ ತನ್ನ ಸ್ವಂತ ಪ್ರೊಸೆಸರಿನ ಮೇಲೇ ಓಡುತ್ತದೆ, ಅನುವಾದವಾಗುವುದು ಪೇಜ್‌ಮೇಕರ್‌ನ ವಿಂಡೋಸ್ ಆವೃತ್ತಿ ಮಾತ್ರ. ಮ್ಯಾಕ್ 32 ಬಿಟ್ ಕೈಬಿಟ್ಟರೂ ವಿಂಡೋಸಿನ 32 ಬಿಟ್ ಪ್ರೋಗ್ರಾಮುಗಳನ್ನು ಇದು ಈಗಲೂ ಒಪ್ಪುತ್ತದೆ. ನುಡಿ ಫಾಂಟುಗಳನ್ನು ಹಾಕಿ ಹಳೇ ಕಥಾಸಂಕಲನವೊಂದನ್ನು ತೆರೆದೆ. ಒತ್ತಕ್ಷರ, ಅರ್ಕಾವೊತ್ತು ಎಲ್ಲ ಇದ್ದಲ್ಲೇ ಇದ್ದವು. ಪುಟ ತಿರುಗಿಸುವಾಗ ತಡವರಿಕೆಯೂ ಇಲ್ಲ. ಯಾವುದಾದರೂ ಪ್ರೋಗ್ರಾಮು ಮುಷ್ಕರ ಹೂಡಿದರೆ ಅದರ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ಎಮ್ಯುಲೇಶನ್ (ಅಂದರೆ ಈ ಅನುವಾದದ) ಸೆಟ್ಟಿಂಗ್ಸ್ ಇದೆ: ಸೇಫ್, ಸ್ಟ್ರಿಕ್ಟ್, ವೆರಿ ಸ್ಟ್ರಿಕ್ಟ್. ನಾನಿಟ್ಟುಕೊಂಡಿರುವ ಪುಟ್ಟ ಆಸ್ಕಿ ಪರಿವರ್ತಕವೊಂದು ಮಾಮೂಲಿ ಸೆಟ್ಟಿಂಗ್‌ನಲ್ಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಸ್ಟ್ರಿಕ್ಟ್ ಮಾಡಿದ ಮೇಲೆ ತೆಪ್ಪಗೆ ನಡೆಯಿತು, ತುಸು ನಿಧಾನ ಅಷ್ಟೆ.

ಇದು ಎಡವುವುದು ಡ್ರೈವರಿನಲ್ಲಿ. ಪ್ರೋಗ್ರಾಮುಗಳಿಗೆ ಎಮ್ಯುಲೇಶನ್ ಉಂಟು, ವಿಂಡೋಸಿನ ತಿರುಳಿನಲ್ಲೇ ಕೆಲಸ ಮಾಡುವ ಕರ್ನಲ್ ಡ್ರೈವರುಗಳಿಗೆ ಇಲ್ಲ. ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವ ಹಳೇ ಫಾಂಟ್ ಪ್ಯಾಕೇಜುಗಳು ಡಿಟಿಪಿಯವರಿಗೆಲ್ಲ ಗೊತ್ತು. ಡಾಂಗಲ್‌ನ ಡ್ರೈವರ್ ಇಂಟೆಲ್‌ಗೆ ಬರೆದದ್ದು. ಅದು ಎಆರ್‌ಎಂ ವಿಂಡೋಸ್‌ನೊಳಗೆ ಕೂರಲೇ ಇಲ್ಲ.

ಮೂರನೆಯದು ಯುಟಿಎಂ, ಪುಕ್ಕಟೆ. ಒಳಗಿರುವುದು ಕ್ಯೂಇಎಂಯು ಎಂಬ ಎಮ್ಯುಲೇಟರ್. ಇದು ಒಂದು ಇಡೀ ಇಂಟೆಲ್ ಕಂಪ್ಯೂಟರನ್ನೇ ನಟಿಸಿ ತೋರಿಸುತ್ತದೆ. ಪ್ರೋಗ್ರಾಮಿನ ಜೊತೆಗೆ ಅದರಡಿಯ ವಿಂಡೋಸ್ ಎಕ್ಸ್‌ಪಿಯ ಒಂದೊಂದು ಸೂಚನೆಯೂ ಅನುವಾದವಾಗಬೇಕು. ಮೆನು ಒತ್ತಿ ಕಾಯಬೇಕು, ಪುಟ ಸಾಲು ಸಾಲಾಗಿ ಮೂಡುವುದನ್ನು ನೋಡುತ್ತಾ ಕೂರಬೇಕು. ಆದರೆ ಡಾಂಗಲ್ ಇಲ್ಲೇ ನಡೆದದ್ದು! ಡ್ರೈವರಿನ ಕಣ್ಣಿಗೆ ಅದು ಅಪ್ಪಟ ಇಂಟೆಲ್ ಯಂತ್ರ, ತಕರಾರೆತ್ತಲು ಕಾರಣವೇ ಇಲ್ಲ.

ಕ್ರಾಸ್‌ಓವರನ್ನೂ ಮುಟ್ಟಿ ನೋಡಿದೆ. ವಿಂಡೋಸ್ ಇಲ್ಲದೆಯೇ ವಿಂಡೋಸ್ ಪ್ರೋಗ್ರಾಮು ಓಡಿಸುವ ಜಾಣತನ ಅದರದು, ಆದರೆ ನಿಂತಿರುವುದು ರೊಸೆಟ್ಟಾದ ಹೆಗಲ ಮೇಲೆ. ರೊಸೆಟ್ಟಾಗೇ ಹೆಚ್ಚು ದಿನ ಇಲ್ಲ, ಅದಕ್ಕೇ ನನಗೆ ಅಷ್ಟು ಧೈರ್ಯ ಬರಲಿಲ್ಲ.

ಸದ್ಯ ದಿನದ ಕೆಲಸಕ್ಕೆ ಎಆರ್‌ಎಂ ವಿಂಡೋಸ್, ಡಾಂಗಲ್ ಬೇಡುವ ಫೈಲು ಬಂದರೆ ಮಾತ್ರ ಯುಟಿಎಂ, ಅದೂ ಪಿಡಿಎಫ್ ತೆಗೆಯುವಷ್ಟಕ್ಕೆ. ಬರೀ ಅನುಭವದ ಮೇಲೆ ಅಂಕ ಕೊಡುವುದಾದರೆ ರೊಸೆಟ್ಟಾವೇ ಮೊದಲು. ಆದರೆ ಮ್ಯಾಕ್‌ಒಎಸ್ 27ರ ನಂತರ ಕೆಲವು ಹಳೇ ಆಟಗಳಿಗೆ ಬೇಕಾದಷ್ಟನ್ನು ಬಿಟ್ಟು ಅದನ್ನು ನಿಲ್ಲಿಸುವುದಾಗಿ ಆ್ಯಪಲ್ 2025ರಲ್ಲೇ ಹೇಳಿದೆ. ಸ್ಕ್ಯಾನಿಂಗ್ ಆ್ಯಪ್‌ಗೆ ಬದಲಿ ಹುಡುಕಲು ಶುರು ಮಾಡಿದ್ದೇನೆ.