125ರಿಂದ ಮೇಲಕ್ಕೆ: ಸೆಕೆಂಡ್ ಹ್ಯಾಂಡ್ 390 ಡ್ಯೂಕ್, ಇಂಟರ್‌ಸೆಪ್ಟರ್ 650, ನಿಂಜಾ 650 ಓಡಿಸಿ ನೋಡಿದ ಮೇಲೆ

125 ಸಿಸಿ ಬೈಕಿನಿಂದ ದೊಡ್ಡದಕ್ಕೆ ಹೋಗಬೇಕು, ಹೊಸದೇನೂ ಬೇಡ, ಸೆಕೆಂಡ್ ಹ್ಯಾಂಡ್ ಸಾಕು ಅಂತ ತೀರ್ಮಾನ ಮಾಡಿದ ಮೇಲೆ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಮೂರು. ಕೆಟಿಎಂ 390 ಡ್ಯೂಕ್, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ಕವಾಸಕಿ ನಿಂಜಾ 650. ಮೂರನ್ನೂ ಓಡಿಸಿದೆ. ಒಂದೊಂದರಲ್ಲೂ ಒಂದಕ್ಕಿಂತ ಜಾಸ್ತಿ ಗಾಡಿ ನೋಡಿದೆ, ಯಾಕೆಂದರೆ ಒಂದೇ ಮಾಡೆಲ್, ಒಂದೇ ವರ್ಷದ ಗಾಡಿಗಳಾದರೂ ಇಬ್ಬರು ಮಾಲೀಕರ ಕೈಯಲ್ಲಿ ನಾಲ್ಕು ವರ್ಷ ಓಡಿದ ಮೇಲೆ ಬೇರೆ ಬೇರೆ ಬೈಕೇ ಆಗಿಬಿಟ್ಟಿರುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ನಾನು ತಗೊಂಡದ್ದು ನಿಂಜಾ. ಆದರೆ ಎಲ್ಲರಿಗೂ ಅದೇ ಸರಿ ಅಂತ ನಾನು ಹೇಳುವುದಿಲ್ಲ.

ಕಾಗದದ ಮೇಲಿನ ಲೆಕ್ಕ ನೋಡೋಣ. 2017ರಲ್ಲಿ ಬಂದ ಎರಡನೇ ತಲೆಮಾರಿನ 390 ಡ್ಯೂಕ್: 373 ಸಿಸಿ, ಒಂದೇ ಸಿಲಿಂಡರ್, ಸುಮಾರು 43 ಎಚ್‌ಪಿ, 7,000 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) 37 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಇಂಟರ್‌ಸೆಪ್ಟರ್: 648 ಸಿಸಿ, ಎರಡು ಸಿಲಿಂಡರ್, 47 ಎಚ್‌ಪಿ, 5,000 ದಾಟಿದ ಕೂಡಲೇ 52 ನ್ಯೂಟನ್ ಮೀಟರ್. 2017ರ ನಿಂಜಾ 650: 649 ಸಿಸಿ, ಅದಕ್ಕೂ ಎರಡು ಸಿಲಿಂಡರ್, 67 ಎಚ್‌ಪಿ, 6,500ರಲ್ಲಿ 65 ಚಿಲ್ಲರೆ. ಈಗ ಡ್ಯೂಕ್ ಮತ್ತು ಇಂಟರ್‌ಸೆಪ್ಟರನ್ನು ಪಕ್ಕಪಕ್ಕ ಇಟ್ಟು ನೋಡಿ. ಎಚ್‌ಪಿ ಹೆಚ್ಚುಕಡಿಮೆ ಅಷ್ಟೇ. ಓಡಿಸಿದರೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ! ಒಂದನ್ನು ಮೇಲಿನ ಆರ್‌ಪಿಎಂನಲ್ಲೇ ಇಟ್ಟುಕೊಂಡು ಕೆಲಸ ಮಾಡಿಸಬೇಕು, ಇನ್ನೊಂದು ಕೆಳಗಿನಿಂದಲೇ ಎಳೆಯುತ್ತದೆ. ಹಾಗಾಗಿ ಒಟ್ಟು ಎಚ್‌ಪಿ ಎಷ್ಟು ಅಂತ ನೋಡುವುದಕ್ಕಿಂತ, ನೀವು ದಿನಾ ಯಾವ ಆರ್‌ಪಿಎಂನಲ್ಲಿ ಓಡಿಸುತ್ತೀರಿ, ಅಲ್ಲಿ ಆ ಇಂಜಿನ್ ಏನು ಕೊಡುತ್ತದೆ ಅಂತ ನೋಡಿ. ಮೂರನ್ನೂ ನಾನು ಇದೇ ಪ್ರಶ್ನೆ ಇಟ್ಟುಕೊಂಡು ಓಡಿಸಿದ್ದು.

ಡ್ಯೂಕ್ ಮೇಲೆ ಕೂತ ಕೂಡಲೇ ಪರಿಚಯದ ಬೈಕ್ ಅನ್ನಿಸುತ್ತದೆ. ತೂಕ 170 ಕೆಜಿ ಆಸುಪಾಸು, ಹ್ಯಾಂಡಲ್ ಅಗಲ, ಇಕ್ಕಟ್ಟಿನಲ್ಲಿ ಯೂ ಟರ್ನ್ ಹೊಡೆಯುವುದಕ್ಕೆ ಯೋಚನೆಯೇ ಬೇಡ. ಸಣ್ಣ ಬೈಕಿನಲ್ಲಿ ಕಲಿತದ್ದೆಲ್ಲ ಇಲ್ಲಿ ಹಾಗೇ ಕೆಲಸಕ್ಕೆ ಬರುತ್ತದೆ. ಆದರೆ ಸೀಟು 830 ಮಿಲಿಮೀಟರ್ ಎತ್ತರ, ಮೂರರಲ್ಲಿ ಇದೇ ಎತ್ತರದ್ದು. ಕಾಲು ಗಿಡ್ಡ ಇರುವವರು ಇದನ್ನು ಶೋಕಿಗೆ ಕೂತು ನೋಡಿದರೆ ಸಾಲದು, ಇಳಿಜಾರಿನಲ್ಲಿ ನಿಲ್ಲಿಸಿ ನೋಡಬೇಕು.

ಇದರ ಇಂಜಿನ್‌ಗೆ ಕೆಳಗಿನ ಆರ್‌ಪಿಎಂ ಇಷ್ಟವಿಲ್ಲ. 125ರಲ್ಲಿ ಟಾಪ್ ಗೇರ್ ಹಾಕಿಕೊಂಡು ನಿಧಾನವಾಗಿ ಹೋಗುವ ಅಭ್ಯಾಸ ಇರುತ್ತದಲ್ವಾ, ಡ್ಯೂಕ್‌ನಲ್ಲಿ ಹಾಗೆ ಮಾಡಿದರೆ ಚೈನ್ ಕಟಕಟ ಅನ್ನುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ, ಗೇರ್ ಇಳಿಸಿ ಅಂತ ಅದೇ ಹೇಳುತ್ತದೆ. ಸುಮಾರು 4,000 ದಾಟಿದ ಮೇಲೆ ಚಿತ್ರವೇ ಬದಲಾಗುತ್ತದೆ. ಅಲ್ಲಿಂದ ಅದು ಎಳೆಯುವ ರೀತಿ, ತಿರುವಿನಿಂದ ತಿರುವಿಗೆ ಹಾರುವ ರೀತಿ, 320 ಮಿಲಿಮೀಟರ್ ಡಿಸ್ಕ್ ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ರೀತಿ, ಇವೆಲ್ಲ ನಿಜಕ್ಕೂ ಖುಷಿ ಕೊಡುವಂಥವು. ಘಾಟಿ ರಸ್ತೆಯೇ ನಿಮ್ಮ ದಿನದ ರಸ್ತೆ ಆಗಿದ್ದರೆ ಇದಕ್ಕಿಂತ ಮಜಾ ಕೊಡುವುದು ಉಳಿದೆರಡರಲ್ಲಿ ಇಲ್ಲ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹೋಗಬೇಕು ಅಂದರೆ ಎದೆಗೆ ಗಾಳಿ, ಕೈಗೆ ವೈಬ್ರೇಶನ್. ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು ವಿಷಯ: 2013ರಲ್ಲಿ ಬಂದ ಮೊದಲಿನ ಮಾಡೆಲ್‌ಗೆ ಟ್ಯಾಂಕ್ 11 ಲೀಟರ್, 2017ರದ್ದಕ್ಕೆ 13.4 ಲೀಟರ್. ಟಿಎಫ್‌ಟಿ ಡಿಸ್‌ಪ್ಲೇ (ಮೀಟರ್ ಜಾಗದಲ್ಲಿ ಬಣ್ಣದ ಸ್ಕ್ರೀನ್), ರೈಡ್ ಬೈ ವೈರ್ (ಕೇಬಲ್ ಬದಲು ಎಲೆಕ್ಟ್ರಾನಿಕ್ ಥ್ರಾಟಲ್) ಎಲ್ಲ ಆಮೇಲೆ ಬಂದದ್ದು. ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇಲ್ಲದಿದ್ದರೆ ಹೊಸ ತಲೆಮಾರಿನದ್ದನ್ನೇ ನೋಡಿ.

ಇಂಟರ್‌ಸೆಪ್ಟರ್ ಇದಕ್ಕೆ ಪೂರ್ತಿ ಉಲ್ಟಾ. 2018ರಲ್ಲಿ ಮಾರಾಟಕ್ಕೆ ಬಂದದ್ದು, ಆದರೆ ನೋಡಲಿಕ್ಕೆ ಹಳೆಯ ಕಾಲದ ಬೈಕ್. 270 ಡಿಗ್ರಿ ಕ್ರ್ಯಾಂಕ್, ಅಂದರೆ ಎರಡು ಸಿಲಿಂಡರ್ ಸಮಾನ ಅಂತರದಲ್ಲಿ ಸಿಡಿಯುವುದಿಲ್ಲ, ಅದಕ್ಕೇ ಆ ಡುಗುಡುಗು ಸದ್ದು. ಮೂರನೇ ಗೇರ್‌ನಲ್ಲಿ ಟ್ರಾಫಿಕ್‌ಗೆ ಇಳಿಸಿ, ಥ್ರಾಟಲ್ ಸ್ವಲ್ಪ ತಿರುಗಿಸಿದರೆ ಸಾಕು, ಗೇರ್ ಕೇಳದೆ ಎದ್ದು ಹೋಗುತ್ತದೆ. ಸಣ್ಣ ಬೈಕಿನಿಂದ ಬಂದವರಿಗೆ ಇದು ದೊಡ್ಡ ನೆಮ್ಮದಿ. ಥ್ರಾಟಲ್ ಮೆತ್ತಗಿದೆ, ಗಾಬರಿ ಹುಟ್ಟಿಸುವುದಿಲ್ಲ. 47 ಎಚ್‌ಪಿ ಇದೆ ಅಂತ ಗೊತ್ತಾಗುವುದೇ ಸ್ಪೀಡೋಮೀಟರ್ ನೋಡಿದಾಗ.

ಕಷ್ಟ ಏನಿದ್ದರೂ ನಿಂತಾಗ. 200 ಕೆಜಿ ದಾಟಿದ ಗಾಡಿ. ಓಡುವಾಗ ತೂಕ ಮರೆತುಹೋಗುತ್ತದೆ, ಪಾರ್ಕಿಂಗ್‌ನಿಂದ ಹಿಂದಕ್ಕೆ ತಳ್ಳುವಾಗ ನೆನಪಾಗುತ್ತದೆ. ಕೂತುಕೊಂಡೇ ಕಾಲಿನಿಂದ ತಳ್ಳಿಕೊಂಡು ಸರಿಸಲು ಹೋದರೆ ಫುಟ್‌ಪೆಗ್ ಸರಿಯಾಗಿ ಕಣಕಾಲಿಗೆ ಕುಟ್ಟುತ್ತದೆ, ಕಾಲನ್ನು ಪೆಗ್‌ನ ಮುಂದೆ ಇಡಬೇಕೋ ಹಿಂದೆ ಇಡಬೇಕೋ ಅಂತ ಅಭ್ಯಾಸ ಆಗುವ ತನಕ ಇದು ಇದ್ದದ್ದೇ. ಎರಡೂ ಚಕ್ರ 18 ಇಂಚಿನವು. ತಿರುವಿನಲ್ಲಿ ಡ್ಯೂಕ್‌ನಂತೆ ಥಟ್ ಅಂತ ಬೀಳುವುದಿಲ್ಲ, ಸಾವಧಾನವಾಗಿ ವಾಲುತ್ತದೆ, ವಾಲಿದ ಮೇಲೆ ಅಲುಗಾಡುವುದಿಲ್ಲ. ಅದರ ಫ್ರೇಮ್ ಬಗ್ಗೆ ನನಗೆ ತುಂಬಾ ಗೌರವ ಬಂತು.

ನನ್ನನ್ನು ಹಿಂದಕ್ಕೆ ಎಳೆದದ್ದು ಟ್ಯೂಬ್ ಟೈರ್. ಸ್ಪೋಕ್ ಚಕ್ರದ ಇಂಟರ್‌ಸೆಪ್ಟರ್‌ನಲ್ಲಿ ಒಳಗೆ ಟ್ಯೂಬ್ ಇರುತ್ತದೆ. ಮೊಳೆ ಹೊಕ್ಕರೆ ಗಾಳಿ ಬೇಗ ಹೋಗುತ್ತದೆ, ಟ್ಯೂಬ್‌ಲೆಸ್‌ಗೆ ಹಾಕುವ ಪ್ಲಗ್ ಕಿಟ್ ಇಲ್ಲಿ ನಡೆಯುವುದಿಲ್ಲ, ಚಕ್ರ ಬಿಚ್ಚಲೇಬೇಕು. ಹೆಚ್ಚು ಓಡಾಟ ಒಬ್ಬರೇ, ಅದೂ ರಾತ್ರಿ ದೂರದ ದಾರಿ ಅನ್ನುವವರು ಈ ತೊಂದರೆಯನ್ನು ಸುಮ್ನೆ ತಳ್ಳಿಹಾಕಬೇಡಿ. 2023ರಿಂದ ಕೆಲವು ಬಣ್ಣಗಳಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್ ಬಂದಿದೆ, ಅಂಥದ್ದು ಸಿಕ್ಕರೆ ಈ ದೂರು ಇಲ್ಲ. ಇನ್ನು ಮೆಂಟೆನೆನ್ಸ್ ವಿಷಯಕ್ಕೆ ಬಂದರೆ ಮೂರರಲ್ಲಿ ಸುಲಭದ್ದು ಇದೇ. ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ ಇಂಜಿನ್, ಕೂಲಂಟ್ ಇಲ್ಲ, ವಾಟರ್ ಪಂಪ್ ಇಲ್ಲ, ಟ್ಯಾಪೆಟ್ (ವಾಲ್ವ್‌ನ ಸಂದು) ಕೂಡ ಸ್ಕ್ರೂ ತಿರುಗಿಸಿ ಹೊಂದಿಸುವಂಥದ್ದು. ಸ್ವಂತ ಕೈಯಿಂದ ಗಾಡಿ ನೋಡಿಕೊಳ್ಳುವವರಿಗೆ ಹಬ್ಬ.

ನಿಂಜಾ 650 ಹೆಸರು ಕೇಳಿ, ಫೇರಿಂಗ್ (ಮುಂದೆ, ಪಕ್ಕದಲ್ಲಿ ಮುಚ್ಚಿರುವ ಪ್ಲಾಸ್ಟಿಕ್ ಮೈ) ನೋಡಿ ರೇಸ್ ಬೈಕ್ ಅಂದುಕೊಳ್ಳುವವರು ಒಂದು ಸಲ ಕೂತು ನೋಡಿ. ಹ್ಯಾಂಡಲ್ ಎತ್ತರಕ್ಕಿದೆ, ಬೆನ್ನು ಹೆಚ್ಚುಕಡಿಮೆ ನೇರ. ಸೀಟು 790 ಮಿಲಿಮೀಟರ್, ಮೂರರಲ್ಲಿ ಅತಿ ಕೆಳಗಿನದು. ಕ್ಲಚ್ ಎಷ್ಟು ಹಗುರ ಅಂದರೆ ಎರಡು ಬೆರಳು ಸಾಕು. 2017ರಲ್ಲಿ ಹೊಸ ಫ್ರೇಮ್ ಕೊಟ್ಟಾಗ ಹಿಂದಿನ ಮಾಡೆಲ್‌ಗಿಂತ 18 ಕೆಜಿ ಇಳಿಸಿ 193ಕ್ಕೆ ತಂದರು, ಅಂದರೆ ನೋಡಲು ದೊಡ್ಡದಾದರೂ ಇಂಟರ್‌ಸೆಪ್ಟರ್‌ಗಿಂತ ಹಗುರ. ಈ 18 ಕೆಜಿ ಸಣ್ಣ ವಿಷಯ ಅಲ್ಲ. 2016ರದ್ದು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹೋದರೆ ಆ ತೂಕ ನೀವೇ ಎತ್ತಬೇಕು.

ನಿಧಾನದಲ್ಲಿ ನಿಂಜಾ ತುಂಬಾ ಸಾಧು. 180 ಡಿಗ್ರಿ ಕ್ರ್ಯಾಂಕ್ ಇದರದ್ದು, ಇಂಟರ್‌ಸೆಪ್ಟರ್‌ನ ಡುಗುಡುಗು ಇಲ್ಲ, ಸದ್ದಿನಲ್ಲಿ ಅಷ್ಟೇನೂ ಸ್ವಾರಸ್ಯ ಇಲ್ಲ. 3,000ದಲ್ಲೂ ತಕರಾರಿಲ್ಲದೆ ಎಳೆಯುತ್ತದೆ. ಆದರೆ 6,000 ಹತ್ತಿರ ಬಂದಾಗ ಇದು ಬೇರೆಯೇ ಬೈಕ್. 125ರ ಆರು ಪಟ್ಟು ಶಕ್ತಿ ಅನ್ನುವುದು ಅಲ್ಲಿ ತಿಳಿಯುತ್ತದೆ. ಎರಡನೇ ಗೇರ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಮುಂದಿನ ತಿರುವು ನಿಮ್ಮ ಲೆಕ್ಕಕ್ಕಿಂತ ಬೇಗ ಬಂದಿರುತ್ತದೆ. ವೇಗ ದುಪ್ಪಟ್ಟಾದರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಸಣ್ಣ ಬೈಕಿನಿಂದ ಬಂದ ಕಣ್ಣಿಗೆ ಈ ಅಂದಾಜು ಇರುವುದಿಲ್ಲ. ಹಾಗಂತ ಬೈಕ್ ನಮ್ಮನ್ನು ಮೋಸ ಮಾಡುವಂಥದ್ದಲ್ಲ, ಬಲಗೈ ಹೇಳಿದ್ದನ್ನಷ್ಟೇ ಮಾಡುತ್ತದೆ. ಬಲಗೈ ಮೇಲೆ ಹಿಡಿತ ಇಲ್ಲ, ರಕ್ತ ಇನ್ನೂ ಬಿಸಿ ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಲೈಸೆನ್ಸ್‌ಗೆ ಶಕ್ತಿಯ ಮಿತಿ ಇರುವ ಕಡೆಯಂತೂ ಮೊದಲು ಅದನ್ನು ನೋಡಿ: ಯುರೋಪಿನ ಎ2 ಲೈಸೆನ್ಸ್‌ಗೆ 35 ಕಿಲೋವಾಟ್, ಅಂದರೆ ಸುಮಾರು 47 ಎಚ್‌ಪಿ ಮಿತಿ, ಡ್ಯೂಕ್ ಮತ್ತು ಇಂಟರ್‌ಸೆಪ್ಟರ್ ಅದರೊಳಗೆ ಬರುತ್ತವೆ, ಪೂರ್ಣ ಶಕ್ತಿಯ ನಿಂಜಾ ಬರುವುದಿಲ್ಲ.

ನನ್ನ ಓಡಾಟದಲ್ಲಿ ಹೆದ್ದಾರಿಯೇ ಜಾಸ್ತಿ. ಅಲ್ಲಿ ನಿಂಜಾ ಗೆದ್ದಿತು. ಫೇರಿಂಗ್ ಎದೆಯ ಮೇಲಿನ ಗಾಳಿ ತಡೆಯುತ್ತದೆ, ಮುಂದೆ ಎರಡು ಡಿಸ್ಕ್ ಇದೆ, ಓವರ್‌ಟೇಕ್‌ಗೆ ಗೇರ್ ಇಳಿಸುವ ಅವಸರ ಇಲ್ಲ, ಟೈರ್ ಟ್ಯೂಬ್‌ಲೆಸ್, ಟ್ಯಾಂಕ್ 15 ಲೀಟರ್. ಹಿಂದೆ ಕೂರುವವರಿಗೆ ಮಾತ್ರ ಇಂಟರ್‌ಸೆಪ್ಟರ್‌ನ ಉದ್ದ ಸೀಟೇ ವಾಸಿ. ನಿಂಜಾದ ಹಿಂದಿನ ಸೀಟು ಚಿಕ್ಕದು, ಎತ್ತರ. ಡ್ಯೂಕ್‌ನದ್ದರ ಬಗ್ಗೆ ಮಾತೇ ಬೇಡ. ಮನೆಯವರ ಜೊತೆ ಹೋಗುವುದೇ ಹೆಚ್ಚಾಗಿದ್ದರೆ ನನ್ನ ಆಯ್ಕೆ ಇಂಟರ್‌ಸೆಪ್ಟರ್ ಆಗುತ್ತಿತ್ತು.

ಇಷ್ಟೆಲ್ಲ ಮಾಡೆಲ್ ಮಾತಾಯಿತು. ಆದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಎದುರಿಗೆ ನಿಂತ ಗಾಡಿಯ ಸ್ಥಿತಿಯೇ ದೊಡ್ಡದು. ನಾನು ನೋಡಲು ಹೋದ ಒಂದು ಬೈಕ್ ಫೋಟೋದಲ್ಲಿ ಹೊಸದರ ಹಾಗೆ ಇತ್ತು, ಎದುರಿಗೂ ಹಾಗೇ ಇತ್ತು, ಪಾಲಿಶ್ ಮಿರಮಿರ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನ ಹೊಳೆಯುವ ಪೈಪ್ ಮೇಲೆ ಬಿಳಿ ಬಟ್ಟೆ ಸವರಿದೆ, ಕಪ್ಪು ಎಣ್ಣೆಯ ಉಂಗುರ ಬಟ್ಟೆಗೆ ಬಂತು. ಸೀಲ್ ಸೋರುತ್ತಿದೆ ಅಂತ ಅರ್ಥ. ಮಾಲೀಕರನ್ನು ಕೇಳಿ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಬ್ಬರು ಹಿಡಿದುಕೊಂಡು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಹ್ಯಾಂಡಲನ್ನು ಒಂದೇ ಬೆರಳಿನಿಂದ ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ತಿರುಗಿಸಿದೆ. ಸರಿ ನಡುವೆ ಬಂದಾಗ ಸಣ್ಣದಾಗಿ ಟಕ್ ಅಂತ ಸಿಕ್ಕಿಕೊಂಡಿತು. ಸ್ಟೀರಿಂಗ್ ಬೇರಿಂಗ್‌ನಲ್ಲಿ ಗುಳಿ ಬಿದ್ದಿದೆ. ಸೀಲ್, ಬೇರಿಂಗ್ ಎರಡೂ ಬದಲಿಸಬಹುದಾದ ವಸ್ತುಗಳೇ, ಆದರೆ ಎರಡೂ ಒಟ್ಟಿಗೆ ಅಂದಾಗ ಮುಂದಿನ ಚಕ್ರ ಎಲ್ಲೋ ಜೋರಾಗಿ ಬಡಿದಿದೆಯಾ ಅನ್ನುವ ಅನುಮಾನ ಬರುತ್ತದೆ. ಫ್ರೇಮ್‌ನ ಕುತ್ತಿಗೆ ಹತ್ತಿರ, ಹ್ಯಾಂಡಲ್ ಪೂರ್ತಿ ತಿರುಗಿದಾಗ ತಾಗುವ ಸ್ಟಾಪರ್ ಜಜ್ಜಿತ್ತು, ಬಣ್ಣ ಎದ್ದಿತ್ತು. ಅಲ್ಲಿಗೆ ಮಾತು ಮುಗಿಸಿ ಬಂದೆ.

ಫೇರಿಂಗ್ ಇರುವ ಗಾಡಿಯಲ್ಲಿ ಇದನ್ನು ಇನ್ನೂ ಜೋಪಾನವಾಗಿ ನೋಡಬೇಕು, ಪ್ಲಾಸ್ಟಿಕ್ ಬದಲಿಸಿದರೆ ಬಿದ್ದ ಗಾಯ ಮುಚ್ಚಿಹೋಗುತ್ತದೆ. ಹ್ಯಾಂಡಲ್ ಕೊನೆಯ ಬಾರ್ ಎಂಡ್, ಲಿವರ್ ತುದಿ, ಫುಟ್‌ಪೆಗ್ ತುದಿ, ಸೈಲೆನ್ಸರ್ ಹೊರ ಅಂಚು, ಇಂಜಿನ್ ಕವರ್ ಇಷ್ಟನ್ನು ಒಂದೊಂದಾಗಿ ನೋಡಿ. ಒಂದೇ ಪಕ್ಕದ ಇವೆಲ್ಲ ಹೊಚ್ಚ ಹೊಸದಾಗಿದ್ದರೂ ಯಾಕೆ ಅಂತ ಕೇಳಿ.

ಗಾಡಿ ನೋಡಲು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಹೇಳಿರಿ. ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ, ತಣ್ಣಗಾದ ಮೇಲೆ ಇನ್ನೊಮ್ಮೆ ಬರುತ್ತೇನೆ ಅನ್ನಿ. ಸ್ಟಾರ್ಟಿಂಗ್ ಟ್ರಬಲ್, ನೀಲಿ ಹೊಗೆ, ಇಂಜಿನ್ ಒಳಗಿನ ಕ್ಯಾಮ್ ಚೈನ್ ಸದ್ದು ಎಲ್ಲ ಬಯಲಾಗುವುದು ತಣ್ಣನೆ ಇಂಜಿನ್‌ನಲ್ಲೇ. ಹಿಂದಿನ ಸ್ಪ್ರಾಕೆಟ್‌ನ ಕೊನೆಯ ತುದಿಯಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೆಯಿರಿ, ಹಲ್ಲಿನ ಅರ್ಧ ಕಾಣಿಸಿದರೆ ಚೈನ್ ಸ್ಪ್ರಾಕೆಟ್ ಎರಡೂ ಮುಗಿದಿವೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ ಟೈರ್. ಟೈರ್ ಮೇಲಿನ ಗೀರು ಎಷ್ಟೇ ಆಳ ಇರಲಿ, ಹಳೆಯ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ. ನಿಂಜಾಕ್ಕೆ ಹಿಂದೆ 160 ಅಗಲದ ಟೈರ್, ಡ್ಯೂಕ್‌ಗೆ 150, ಇಂಟರ್‌ಸೆಪ್ಟರ್‌ಗೆ 130. ಅಗಲ ಹೆಚ್ಚಿದಷ್ಟೂ ಬಿಲ್ ಹೆಚ್ಚು, 125ರ ಟೈರ್ ಖರ್ಚು ತಲೆಯಲ್ಲಿಟ್ಟುಕೊಂಡು ಹೋಗಬೇಡಿ. ಬ್ರೇಕ್ ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ, ದಪ್ಪ ಅಳೆಯುವ ವರ್ನಿಯರ್ ಇದ್ದರೆ ಜೇಬಿನಲ್ಲಿ ಇಟ್ಟುಕೊಳ್ಳಿ.

ಹಣ ಪೂರ್ತಿ ಬೈಕಿಗೇ ಸುರಿಯಬೇಡಿ. ನಾನು ನಿಂಜಾ ತಂದ ಮೇಲೆ ಇಂಜಿನ್ ಆಯಿಲ್, ಫಿಲ್ಟರ್, ಕೂಲಂಟ್, ಬ್ರೇಕ್ ಫ್ಲೂಯಿಡ್ ಎಲ್ಲ ಬದಲಿಸಿದೆ. ಸರ್ವಿಸ್ ಪುಸ್ತಕ ಸರಿಯಾಗಿತ್ತು, ಆದರೂ ಬ್ರೇಕ್ ಫ್ಲೂಯಿಡ್ ಟೀ ಬಣ್ಣಕ್ಕೆ ತಿರುಗಿತ್ತು, ಹೊಸದು ಹಾಕಿದ ಮೇಲೆ ಲಿವರ್ ಗಟ್ಟಿಯಾಯಿತು. ಆಮೇಲೆ ಮೊದಲ ಕೆಲವು ವಾರ ಖಾಲಿ ರಸ್ತೆಯಲ್ಲಿ ಬ್ರೇಕ್ ಅಭ್ಯಾಸ ಮಾಡಿದೆ: 40ರಿಂದ, ಆಮೇಲೆ 60ರಿಂದ, ಆಮೇಲೆ 80ರಿಂದ, ಮುಂದಿನ ಬ್ರೇಕನ್ನು ಥಟ್ಟನೆ ಹಿಡಿಯದೆ ಹಿಂಡುತ್ತಾ ಹೋಗಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಲಿವರ್‌ನಲ್ಲಿ ನಡುಗುವ ತನಕ. ಮೂರರಲ್ಲಿ ಯಾವುದನ್ನು ತಗೊಂಡರೂ ಇದನ್ನು ಮಾಡಿ, ದೂರದ ಪ್ರಯಾಣ ಅದಾದ ಮೇಲೆ ಇಟ್ಟುಕೊಳ್ಳಿ.