ಬಿಡಕಿಬೈಲಿನ ಬೈಂಡಿಂಗ್ ಅಂಗಡಿ: ಕತ್ತರಿಸುವುದೊಂದನ್ನು ಬಿಟ್ಟರೆ ಒಳ್ಳೆಯ ಕೆಲಸ

ಹಳೆಯ ಪುಸ್ತಕಗಳನ್ನು ಹೊಲಿದು, ರಟ್ಟು ಹಾಕಿ ಕೊಡುವವರು ಸಿರಸಿಯಲ್ಲಿ ಇನ್ನೂ ಉಳಿದಿದ್ದಾರೆಯೇ ಎಂದು ಕೇಳುವವರಿಗೆ ಹೇಳುತ್ತೇನೆ, ಇದ್ದಾರೆ. ಬಿಡಕಿಬೈಲಿನಿಂದ ಒಳಕ್ಕೆ ತಿರುಗುವ ಓಣಿಯಲ್ಲಿ, ಟೈಲರ್ ಅಂಗಡಿಯ ಮಗ್ಗುಲಿಗೆ, ಅಕ್ಷರಗಳೆಲ್ಲ ಮಾಸಿಹೋದ ಫಲಕದ ಕೆಳಗೆ ಒಬ್ಬರು ಕುಳಿತಿರುತ್ತಾರೆ. ಅವರ ಬಳಿಗೆ ಮಠದ ತಾಳೆಗರಿ ಪ್ರತಿಗಳೂ ವಕೀಲರ ಕಡತಗಳೂ ಬರುತ್ತವಂತೆ. ನಾನು ಒಯ್ದದ್ದು 71 ಇಂದ್ರಜಾಲ ಕಾಮಿಕ್ಸ್.

ತವರುಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. ಅದರ ಒಡೆಯ ನನ್ನ ಅಣ್ಣ, ಈಗ ಪುಣೆಯಲ್ಲಿದ್ದಾನೆ. ಈ ಸಲದ ಮಳೆಗಾಲದಲ್ಲಿ ಅಟ್ಟ ಸೋರಿ, ಟ್ರಂಕನ್ನು ಕೆಳಗಿಳಿಸಿ, "ಬಚ್ಚಲ ಒಲೆಗೆ ಹಾಕಲೇ?" ಎಂದು ಚಿಕ್ಕ ತಮ್ಮನ ಹೆಂಡತಿ ಫೋನಿನಲ್ಲಿ ಕೇಳಿದಳು. ಮರುದಿನದ ಮೊದಲ ಬಸ್ಸಿಗೇ ಹೋಗಿ ತಂದೆ. ಬೂಷ್ಟು ಹಿಡಿದಿತ್ತು, ಪಿನ್ನುಗಳು ತುಕ್ಕು ಹಿಡಿದು ನಡುಪುಟಗಳನ್ನು ತಿಂದಿದ್ದವು. ಒರಲೆ ಮಾತ್ರ ಮುಟ್ಟಿರಲಿಲ್ಲ, ತಗಡಿನ ಪುಣ್ಯ.

ಇಂದ್ರಜಾಲ ಶುರುವಾದದ್ದು 1964ರ ಮಾರ್ಚಿನಲ್ಲಿ, ನಿಂತದ್ದು 1990ರಲ್ಲಿ. ಟೈಮ್ಸ್ ಆಫ್ ಇಂಡಿಯಾದವರು ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತರುತ್ತಿದ್ದರು. ಅಮೆರಿಕದ ಪತ್ರಿಕೆಗಳಲ್ಲಿ ಮೊದಲಿನಿಂದಲೇ ಬರುತ್ತಿದ್ದ ಕಾಡಿನ ಮುಖವಾಡದ ವೀರ ಫ್ಯಾಂಟಮ್, ಜಾದೂಗಾರ ಮಾಂಡ್ರೇಕ್, ಆಮೇಲೆ ನಮ್ಮವನೇ ಆದ ಬಹಾದೂರ್. ಮೂಲದಲ್ಲಿ ಫ್ಯಾಂಟಮ್‌ನ ಕಾಡಿಗಿದ್ದ ಹೆಸರು ಬಂಗಾಳದ ಹಾಗೆ ಕೇಳುತ್ತದೆಂದು ಇಲ್ಲಿ ಡೆಂಕಾಲಿ ಎಂದು ಬದಲಿಸಿದ್ದರು. ಡೆಂಕಾಲಿ ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಿ ನಾನು ಅಣ್ಣನಿಂದ ತಲೆಗೆ ಮೊಟಕಿಸಿಕೊಂಡವಳು.

ಬೈಂಡಿನವರು ಕಟ್ಟನ್ನು ಬಿಚ್ಚಿದ ಕೂಡಲೇ ಸಂಚಿಕೆಯ ಸಂಖ್ಯೆ ನೋಡಿ ಜೋಡಿಸಲು ಹೊರಟರು. ನಾನು ತಡೆದೆ. ಸಂಖ್ಯೆಯ ಪ್ರಕಾರ ಬೇಡ, ಚಿತ್ರ ಬರೆದ ಕೈಯ ಪ್ರಕಾರ ಬೇಕು ಎಂದೆ. ಪ್ರೌಢಶಾಲೆಯಲ್ಲಿ 29 ವರ್ಷ ಚಿತ್ರಕಲೆ ಕಲಿಸಿದವಳು ನಾನು. ಕಲಾವಿದರ ಹೆಸರು ಗೊತ್ತಿಲ್ಲದ ವಯಸ್ಸಿನಲ್ಲೇ ಫ್ಯಾಂಟಮ್ ಇಬ್ಬರಿದ್ದಾನೆ ಎಂಬುದು ತಿಳಿದಿತ್ತು. ಒಬ್ಬನ ಕಾಲು ಮರದ ಗೊಂಬೆಯ ಹಾಗೆ ಮಡಿಚುತ್ತದೆ, ಇನ್ನೊಬ್ಬನ ತೋಳಿನಲ್ಲಿ ನರ ಕಾಣುತ್ತದೆ. ಮೊದಲನೆಯದು ವಿಲ್ಸನ್ ಮೆಕಾಯ್‌ನ ಕೈ, 1961ರಲ್ಲಿ ಆತ ತೀರಿಕೊಂಡ. ಎರಡನೆಯದು ಸೈ ಬ್ಯಾರಿಯದು, 1961ರಿಂದ 1994ರವರೆಗೆ. ಇವರಿಬ್ಬರಿಗಿಂತ ಮೊದಲು 1936ರಲ್ಲಿ ಶುರುಮಾಡಿದ ರೇ ಮೂರ್ ಇದ್ದ; ನೆರಳನ್ನು ಅವನಷ್ಟು ಚೆನ್ನಾಗಿ ಬಳಸಿದವರು ಆಮೇಲೆ ಬರಲಿಲ್ಲ, ಆದರೆ ನಮ್ಮ ಟ್ರಂಕಿನಲ್ಲಿ ಅವನದು ಒಂದೂ ಇಲ್ಲ. ಅಳಿಯನ ಕಂಪ್ಯೂಟರಿನಲ್ಲಿ ನೋಡಿದ್ದೇ ಬಂತು.

"ಹಾಗಾದರೆ ಕತೆ ಕಟ್ಟಿದವರು ಯಾರು, ಅಕ್ಕೋರೇ?" ಎಂದರು ಬೈಂಡಿನವರು.

ಕತೆಯೆಲ್ಲ ಲೀ ಫಾಕ್ ಒಬ್ಬನದೇ ಎಂದೆ. ಮಾಂಡ್ರೇಕ್ 1934ರಲ್ಲಿ, ಫ್ಯಾಂಟಮ್ 1936ರಲ್ಲಿ. 1999ರಲ್ಲಿ ಸಾಯುವವರೆಗೂ ಎರಡನ್ನೂ ಬರೆದ. ಅವರು ಸೂಜಿಗೆ ದಾರ ಪೋಣಿಸುತ್ತಲೇ, "ಹಾಗೆನ್ನಿ. ಭಾಗವತರು ಒಬ್ಬರೇ, ವೇಷ ಕಟ್ಟಿದವರು ಬೇರೆ ಬೇರೆ" ಎಂದರು. ಇಷ್ಟು ವರ್ಷ ನಾನು ಮಕ್ಕಳಿಗೆ ವಿವರಿಸಲು ಒದ್ದಾಡಿದ್ದು ಇದನ್ನೇ. ಪದ್ಯ ಅದೇ, ಪ್ರಸಂಗ ಅದೇ. ಕೌರವನ ವೇಷ ಯಾರದು ಎನ್ನುವುದರ ಮೇಲೆ ಆ ರಾತ್ರಿ ನಾವು ಎಚ್ಚರವಾಗಿರುತ್ತೇವೆಯೋ ನಿದ್ದೆಹೋಗುತ್ತೇವೆಯೋ ನಿರ್ಧಾರವಾಗುವುದಿಲ್ಲವೇ?

ಬೆನ್ನಿನ ಮೇಲೆ ಏನು ಬರೆಸಬೇಕು ಎಂದಾಗ "ಸೈ ಬ್ಯಾರಿ" ಎಂದೆ. ಅವರು ಪೆನ್ಸಿಲ್ ಎತ್ತಿಟ್ಟು, "ಮಂಗಳೂರು ಕಡೆಯವರೇ?" ಎಂದು ಕೇಳಿದರು. ಅಮೆರಿಕದವನು ಎಂದು ನಂಬಿಸಲು ಐದು ನಿಮಿಷ ಬೇಕಾಯಿತು. ಪೂರ್ತಿ ನಂಬಿದರು ಎಂದು ನನಗೆ ಈಗಲೂ ಅನಿಸುವುದಿಲ್ಲ.

ಇನ್ನು ಕೆಲಸದ ಮಾತು. ತುಕ್ಕಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಪ್ರತಿ ಸಂಚಿಕೆಯನ್ನೂ ಅದರ ನಡುಮಡಿಕೆಯಲ್ಲೇ ಮೇಣ ಹಚ್ಚಿದ ದಾರದಿಂದ ಹೊಲಿದಿದ್ದಾರೆ. ಇದು ಮುಖ್ಯ. ಬೇರೆ ಕಡೆ ಪಕ್ಕದಿಂದ ತೂತು ಕೊರೆದು ಹೊಲಿಯುತ್ತಾರೆ, ಆಗ ಪುಟ ಪೂರ್ತಿ ತೆರೆಯುವುದಿಲ್ಲ, ಒಳಬದಿಯ ಚಿತ್ರ ಅರ್ಧ ಹೊಲಿಗೆಯೊಳಗೆ ಹೋಗುತ್ತದೆ. ಇವರ ಪುಸ್ತಕ ಮೇಜಿನ ಮೇಲೆ ಮಲಗಿಸಿದರೆ ಹಾಗೆಯೇ ಮಲಗಿರುತ್ತದೆ. ಬಿ. ಗೋವಿಂದ್ ಬರೆದ ಹೊದಿಕೆಯ ಚಿತ್ರಗಳನ್ನು ಕಿತ್ತೆಸೆಯದೆ ಅವುಗಳ ಜಾಗದಲ್ಲೇ ಉಳಿಸಿದ್ದಾರೆ. ಅಂಟು ಅಲ್ಲೇ ಕುದಿಸಿದ ಮೈದಾದ್ದು, ಅದಕ್ಕೆ ಚಿಟಿಕೆ ಮೈಲುತುತ್ತ. ಅಡಿಕೆಗೆ ಕೊಳೆ ಬಾರದಿರಲೆಂದು ನಾವು ಸುಣ್ಣದ ಜೊತೆ ಹೊಡೆಯುವ ಅದೇ ಮೈಲುತುತ್ತ. ಹುಳ ಹತ್ತಿರ ಬರುವುದಿಲ್ಲ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವರು ಆ ಅಭ್ಯಾಸ ಬಿಡುವುದು ಒಳ್ಳೆಯದು.

ದೂರು ಒಂದೇ, ಆದರೆ ಸಣ್ಣದಲ್ಲ. ಅಂಚು ಕತ್ತರಿಸಬೇಡಿ ಎಂದು ಎರಡು ಸಲ ಹೇಳಿದ್ದೆ. ಮೆಕಾಯ್ ಸಂಪುಟವನ್ನು ಕತ್ತರಿಸಿಬಿಟ್ಟರು. "ಸಮ ಇರಲಿಲ್ಲ ಅಕ್ಕೋರೇ, ಕಣ್ಣಿಗೆ ಹಿಂಸೆ" ಎಂಬುದು ಅವರ ಸಮಜಾಯಿಷಿ. ಪರಿಣಾಮವಾಗಿ ಒಂಬತ್ತು ಸಂಚಿಕೆಗಳಲ್ಲಿ ಮೇಲಿನ ಸಾಲಿನ ಅಕ್ಷರಗಳ ತಲೆಕಟ್ಟು ಹಾರಿಹೋಗಿದೆ. ಏನು ಬರೆದಿತ್ತೆಂದು ಊಹಿಸಿಕೊಂಡು ಓದಬೇಕು. ನಾನು ರೇಗಿದೆ. ಅವರು ಆ ಸಂಪುಟದ ಹಣ ತೆಗೆದುಕೊಳ್ಳಲಿಲ್ಲ, ಉಳಿದವುಗಳ ಅಂಚನ್ನು ಮುಟ್ಟಲೂ ಇಲ್ಲ. ಪೆಟ್ಟು ತಿಂದದ್ದು ಮೆಕಾಯ್ ಆದ್ದರಿಂದ ಸಮಾಧಾನ ಎಂದು ಮೊದಲು ಅಂದುಕೊಂಡಿದ್ದೆ. ಅವನ ಕಾಡಿನ ಗಿಡಗಳು ಕುಂಡದಲ್ಲಿ ತಂದಿಟ್ಟಂತಿವೆ, ಡೆವಿಲ್ ಎಂಬ ತೋಳ ದೇವಿಕೆರೆಯ ದಂಡೆಯಲ್ಲಿ ಮಲಗುವ ನಾಯಿಯ ಹಾಗಿದೆ. ಆದರೆ ಈಗ ಒಟ್ಟಿಗೆ ಓದಿದಾಗ ಮನಸ್ಸು ಬದಲಾಯಿತು. ಅವನಲ್ಲಿ ಒಂದು ಗೆರೆಯೂ ಹೆಚ್ಚಿಲ್ಲ. ಒಂದನೆಯ ತರಗತಿಯ ಮಗುವೂ ಎಲ್ಲಿಯೂ ತಡವರಿಸದೆ ಕತೆ ಹಿಡಿಯುತ್ತದೆ.

ಬ್ಯಾರಿಯ 34 ಸಂಚಿಕೆಗಳು ಎರಡು ಸಂಪುಟಗಳಾಗಿವೆ. ಇವನ ಮರಗಳಿಗೆ ಬೇರಿದೆ, ಬಿಳಲಿದೆ. ಮಲೆನಾಡಿನವರು ಒಪ್ಪುವ ಕಾಡು. ನಾನು 29 ವರ್ಷ ಅದೇ ಹೂಜಿ, ಅದೇ ತಾವರೆ ಬರೆಯಿಸಿದವಳು, ಮೂರನೆಯ ವರ್ಷಕ್ಕೇ ಹೂಜಿಯನ್ನು ಒಡೆಯಬೇಕೆನಿಸಿತ್ತು. ಈತ 33 ವರ್ಷ ಅದೇ ಮುಖವಾಡ, ಅದೇ ಬಿಳಿ ಕುದುರೆ, ಅದೇ ತಲೆಬುರುಡೆಯ ಗವಿ ಬರೆದ. ಬೇಸರ ಎಲ್ಲಿಯಾದರೂ ಸಿಕ್ಕೀತು ಎಂದು ಭೂತಗನ್ನಡಿ ಹಿಡಿದೇ ನೋಡಿದೆ. ಹಿನ್ನೆಲೆಯಲ್ಲಿ ಅಲ್ಲಲ್ಲಿ ಸಿಗುತ್ತದೆ, ನಿಜ; ಅವನಿಗೆ ಸಹಾಯಕರೂ ಇದ್ದರು, ಅವರಲ್ಲಿ ಒಬ್ಬನಾದ ಜಾರ್ಜ್ ಓಲೆಸೆನ್ ಆಮೇಲೆ ಪತ್ರಿಕೆಯಲ್ಲಿ ದಿನವೂ ಬರುವ ಚಿತ್ರಕತೆಯನ್ನು ತಾನೇ ಮುಂದುವರಿಸಿದ. ಆದರೆ ಫ್ಯಾಂಟಮ್ ಮಾತಾಡದೆ ಸುಮ್ಮನೆ ನಿಂತಿರುವ ಚೌಕಗಳಲ್ಲಿ ಒಮ್ಮೆಯೂ ಸಿಗಲಿಲ್ಲ.

ಮಾಂಡ್ರೇಕ್ ಸಂಪುಟದಲ್ಲಿ 16 ಸಂಚಿಕೆಗಳಿವೆ. ಫ್ರೆಡ್ ಫ್ರೆಡೆರಿಕ್ಸ್ 1965ರಿಂದ 2013ರವರೆಗೆ ಇದರ ಚಿತ್ರ ಬರೆದ, ಫಾಕ್ ಸತ್ತ ಮೇಲೆ ಕತೆಯನ್ನೂ ತಾನೇ ಕಟ್ಟಿದ. 48 ವರ್ಷ! ಲೆಕ್ಕ ಕೇಳಿ ಬೈಂಡಿನವರು, "ನಾನು ಈ ಮಣೆಯ ಮೇಲೆ ಕೂತು 46" ಎಂದರು, ತುಸು ಬೇಸರದಿಂದಲೇ.

ಸಂಪುಟಕ್ಕೆ 220 ರೂಪಾಯಿ, ಕ್ಯಾಲಿಕೋ ಬಟ್ಟೆ ಸೇರಿ. ಮಳೆಗಾಲದಲ್ಲಿ ಹೋಗಬೇಡಿ, ಅಂಟು ಒಣಗುವುದಿಲ್ಲ ಎಂದು ಅವರೇ ವಾಪಸು ಕಳುಹಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವಾಗಲೂ ಬೇಡ, ಓಣಿಯೊಳಗೆ ಕಾಲಿಡಲು ಆಗುವುದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಅಂಚು ಕತ್ತರಿಸಬಾರದು ಎಂದು ಕೊಡುವ ಕಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೇ ಕೊಡಿ, ಬಾಯಿಮಾತು ಸಾಲದು.

ಐದನೆಯ ಸಂಪುಟ ಬಹಾದೂರನದು. 1976ರಲ್ಲಿ ಆಬಿದ್ ಸುರತಿ ಹುಟ್ಟುಹಾಕಿದ, ಕುರ್ತಾ-ಜೀನ್ಸಿನ ಆ ಹುಡುಗನ 12 ಸಂಚಿಕೆಗಳು. ವಾಯಿದೆ ಮುಗಿದು ಮೂರು ವಾರವಾಯಿತು. ಕಳೆದ ಬುಧವಾರ ಹೋದಾಗ ಹೊಲಿಗೆಯೇ ಆಗಿರಲಿಲ್ಲ. ಏಳು ಸಂಚಿಕೆ ಒತ್ತುಯಂತ್ರದ ಪಕ್ಕದಲ್ಲಿದ್ದವು, ಎಂಟನೆಯದು ಅವರ ಕೈಯಲ್ಲಿ ತೆರೆದಿತ್ತು. "ಇನ್ನು ನಾಲ್ಕೇ ಉಳಿದಿವೆ ಅಕ್ಕೋರೇ" ಎಂದರು.