ಹಳೆ ಕಂಪ್ಯೂಟರಿಗೆ ಎಷ್ಟು ಸ್ವಾಪ್: 2 ಜಿಬಿಯೋ, 4 ಜಿಬಿಯೋ, ಝಡ್‌ರ್ಯಾಮೋ?

ಲಿನಕ್ಸ್ ಓಡುವ, 2 ಜಿಬಿ ರ್ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಅಂದುಕೊಳ್ಳಿ. ರ್ಯಾಮ್ ಸಾಲದಾದಾಗ ಅದರಲ್ಲಿರುವುದನ್ನು ಇಳಿಸಿಡಲು, ಸಾಮಾನ್ಯವಾಗಿ ಡಿಸ್ಕಿನಲ್ಲಿ, ಮೀಸಲಿಡುವ ಜಾಗವೇ ಸ್ವಾಪ್. ರ್ಯಾಮಿನ ಎರಡು ಪಟ್ಟು ಎಂಬ ಹಳೆ ಲೆಕ್ಕದಲ್ಲಿ 4 ಜಿಬಿ ಸ್ವಾಪ್ ಬೇಕು. ಆದರೆ ಅಷ್ಟು ತುಂಬುವ ಹೊತ್ತಿಗೆ ಡಿಸ್ಕಿನ ದೀಪ ಆರುವುದೇ ಇಲ್ಲ, ಮೌಸ್ ಬಾಣ ನಿಂತಲ್ಲೇ ನಿಂತಿರುತ್ತದೆ. ಸ್ವಾಪೇ ಇಲ್ಲದಿದ್ದರೆ ಇನ್ನೊಂದು ಪಾಡು: ರ್ಯಾಮ್ ಮುಗಿದಾಗ ಕರ್ನೆಲ್ (ಲಿನಕ್ಸಿನ ತಿರುಳು) ಬ್ರೌಸರನ್ನೇ ಕೊಂದುಬಿಡಬಹುದು.

ಹೈಬರ್ನೇಟ್ (ತೆರೆದ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಉಳಿಸಿ ಕಂಪ್ಯೂಟರ್ ಆರಿಸುವುದು) ಬೇಡವಾದರೆ 2 ಜಿಬಿ ಸಾಕು. ಬೇಕಿದ್ದರೆ 3 ಜಿಬಿ ಇಡಿ; ರ್ಯಾಮಿನಲ್ಲಿರುವುದೆಲ್ಲ ಡಿಸ್ಕಿಗೆ ಇಳಿಯಬೇಕು, ಮೊದಲೇ ಸ್ವಾಪಿನಲ್ಲಿರುವುದಕ್ಕೂ ಜಾಗ ಬೇಕು.

ಸ್ವಾಪಿಗೆ ಡಿಸ್ಕಿನ ಪ್ರತ್ಯೇಕ ವಿಭಾಗಕ್ಕಿಂತ (ಪಾರ್ಟಿಷನ್) ಫೈಲ್ ಅನುಕೂಲ, ಆಮೇಲೆ ಹಿಗ್ಗಿಸಬಹುದು. ಇಎಕ್ಸ್‌ಟಿ4 (ಲಿನಕ್ಸಿನ ಒಂದು ಫೈಲ್ ವ್ಯವಸ್ಥೆ) ಡಿಸ್ಕಿನಲ್ಲಿ ಡಿಡಿ ಆಜ್ಞೆಯಿಂದ 1 ಎಂಬಿಯ 2048 ತುಂಡು ಬರೆಸಿ, ಅನುಮತಿ 600 (ಒಡೆಯ ಮಾತ್ರ ಓದಿ ಬರೆಯುವಂತೆ) ಮಾಡಿ, ಫೈಲನ್ನು ಸ್ವಾಪಿಗೆ ಸಜ್ಜು ಮಾಡುವ ಎಂಕೆಸ್ವಾಪ್, ಅದನ್ನು ಚಾಲೂ ಮಾಡುವ ಸ್ವಾಪ್‌ಆನ್ ಓಡಿಸಿ, ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕು, ಸ್ವಾಪುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ಗೆ ಒಂದು ಸಾಲು ಸೇರಿಸಿ. ಹಳೆ ಸ್ವಾಪ್ ವಿಭಾಗ ಅಳಿಸಿ ಅದರ ಹಳೆ ಸಾಲನ್ನು ಅಲ್ಲೇ ಬಿಟ್ಟರೆ ಬೂಟ್ ಆಗುವಾಗ ಬೂಟ್ ನಡೆಸುವ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತ ಕೂರುತ್ತದೆ.

ನಮ್ಮ ಒಲವು ಝಡ್‌ರ್ಯಾಮ್ ಕಡೆಗೆ. ಅದು ರ್ಯಾಮಿನೊಳಗೇ ಪುಟಗಳನ್ನು (ಮೆಮೊರಿಯ ತುಂಡುಗಳನ್ನು) ಒತ್ತಿ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಡುತ್ತದೆ. 1 ಜಿಬಿ ಗಾತ್ರ ಕೊಡಿ, ಡಿಸ್ಕಿನ ಸ್ವಾಪಿಗಿಂತ ಮೊದಲು ಬಳಕೆಯಾಗಲೆಂದು ಆದ್ಯತೆ 100 ಕೊಡಿ. ಪ್ರೊಸೆಸರ್ ತೀರಾ ಹಳೆಯದಾದರೆ ಒತ್ತುವ ವಿಧಾನವಾಗಿ ಝಡ್‌ಎಸ್‌ಟಿಡಿ ಬದಲು ಎಲ್‌ಝಡ್4 ಹಗುರ. ಹೈಬರ್ನೇಟ್‌ಗೆ ಮಾತ್ರ ಇದು ಒದಗದು, ಡಿಸ್ಕಿನ ಸ್ವಾಪ್ ಜೊತೆಗಿರಲಿ.

ಬ್ರೌಸರ್ ತೆರೆದಿಟ್ಟು ಮೆಮೊರಿಯ ಓಡಾಟವನ್ನು ಸೆಕೆಂಡಿಗೊಮ್ಮೆ ತೋರಿಸುವ ವಿಎಂಸ್ಟ್ಯಾಟ್ 1 ಆಜ್ಞೆ ಓಡಿಸಿ. ಎಸ್‌ಐ (ಸ್ವಾಪಿನಿಂದ ಬರುವುದು), ಎಸ್‌ಒ (ಸ್ವಾಪಿಗೆ ಹೋಗುವುದು) ಕಾಲಂಗಳು ಸೊನ್ನೆಗೆ ಇಳಿಯುತ್ತಲೇ ಇಲ್ಲವೆಂದರೆ ಸ್ವಾಪ್ ಹಿಗ್ಗಿಸಬೇಡಿ, ರ್ಯಾಮ್ ಕೊಳ್ಳಿ.